ಮೇಲ್ಮನೆಯ ಹದಿಮೂರು ಷರತ್ತುಗಳು

ಮೂವತ್ತೊಂದು ವರ್ಷ ಬಾಡಿಗೆಮನೆಗಳಲ್ಲೇ ಬಾಳಿದ ಲೈಬ್ರರಿಯಮ್ಮನಿಗೆ ತಾನೀಗ ಮನೆಯೊಡತಿ ಎಂಬುದು ಇನ್ನೂ ಮೈಗೆ ಹತ್ತಿರಲಿಲ್ಲ. ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ಮೇಲೆ ಕೊಂಡ ಪುಟ್ಟ ಮನೆ. ಕೆಳಗೆ ಅವರು, ಮೇಲಿನ ಎರಡು ಕೋಣೆ ಬಾಡಿಗೆಗೆ. ಕರಾರುಪತ್ರದ ಕರಡು ಬರೆಯಲು ಕೂತಾಗ ಅವರ ಕೈ ಹಳೆಯ ಅಭ್ಯಾಸದಲ್ಲೇ ಓಡಿತ್ತು.

ಟೈಪಿಸ್ಟನ ಅಂಗಡಿಯ ಬೆಂಚಿನ ಮೇಲೆ ಕೂತು ಅವರ ತಮ್ಮ ಅದನ್ನು ಓದತೊಡಗಿದ. ಓದುತ್ತ ಓದುತ್ತ ಕನ್ನಡಕ ಮೂಗಿನ ತುದಿಗೆ ಜಾರಿತು.

"'ಮಾಲೀಕರು ಹೇಳದೆ ಕೇಳದೆ ಮೇಲೆ ಹತ್ತಿ ಬರಕೂಡದು. ನೆಂಟರ ಎದುರಿಗೆ ಬಾಡಿಗೆದಾರರನ್ನು ಗದರಕೂಡದು. ನಲ್ಲಿ ಸೋರಿದರೆ ವಾರದೊಳಗೆ ರಿಪೇರಿ ಮಾಡಿಸಬೇಕು.' ಅಕ್ಕ, ಇದನ್ನ ಯಾರು ಯಾರಿಗೆ ಬರೆದದ್ದು? ಮಾಲೀಕಳು ನೀನು ಕಣೇ."

ಲೈಬ್ರರಿಯಮ್ಮ ಹಾಳೆ ಇಸಿದುಕೊಂಡು ನೋಡಿದರು. ಹನ್ನೆರಡು ಷರತ್ತುಗಳಲ್ಲಿ ಹನ್ನೆರಡೂ ಮಾಲೀಕರ ಕೈಯನ್ನೇ ಕಟ್ಟುವಂಥವು. ಟೈಪಿಸ್ಟ್ ತಲೆ ಬಗ್ಗಿಸಿ ನಗು ನುಂಗಿಕೊಂಡ.

ಮೂರು ಮನೆ ಬಾಡಿಗೆಗೆ ಕೊಟ್ಟು ಪಳಗಿದ್ದ ತಮ್ಮ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ನನ್ನದನ್ನೇ ನಕಲು ಮಾಡಿಸು. ಮೊಳೆ ಹೊಡೆಯೋ ಹಾಗಿಲ್ಲ, ನೆಂಟರು ಉಳಿಯೋ ಹಾಗಿಲ್ಲ, ಬೆಳಗ್ಗೆ ಆರರ ತನಕ ಗೇಟಿಗೆ ಬೀಗ."

"ಮೇಲ್ಮನೆಗೆ ಬರೋ ಹುಡುಗಿ ಬಸ್ ಡ್ರೈವರ್ ಕಣೋ. ಮೊದಲನೇ ಬಸ್ಸು ಅವಳದ್ದು. ನಾಲ್ಕೂವರೆಗೆ ಹೊರಡಬೇಕು."

"ಹೊರಡಲಿ. ಬೇರೆ ಮನೆಯಿಂದ."

ಇಂಥ ಬೀಗಗಳ ದೆಸೆಯಿಂದಲೇ ಡ್ರೈವರ್ ಹುಡುಗಿಗೆ ನಾಲ್ಕು ಮನೆ ತಪ್ಪಿದ್ದವು. ಇದೂ ತಪ್ಪಿದರೆ ತಿಂಗಳ ಕೊನೆಗೆ ತಾಯಿಯನ್ನು ಒಂದು ಕಡೆ, ಸಾಮಾನನ್ನು ಒಂದು ಕಡೆ ಬಿಡಬೇಕಿತ್ತು. ಮನೆ ನೋಡಲು ಬಂದ ಮಧ್ಯಾಹ್ನ ಪಕ್ಕದ ಕಿಟಕಿಯಲ್ಲಿ ಕೂಸು ಮಲಗಿದ್ದು ಕಂಡು, ಅವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದಳು. ಲೈಬ್ರರಿಯಮ್ಮನಿಗೆ ಅಷ್ಟು ಸಾಕಾಗಿತ್ತು.

"ನನ್ನ ಹಾಳೆಯನ್ನೇ ಟೈಪ್ ಮಾಡಪ್ಪ," ಎಂದರು.

"ಅಕ್ಕ, ಅವಳು ತಲೆ ಮೇಲೆ ಕೂರ್ತಾಳೆ."

"ಮೇಲ್ಮನೆ ಕೊಟ್ಟ ಮೇಲೆ ಇನ್ನೆಲ್ಲಿ ಕೂರಬೇಕೋ?"

"ಸಾಕ್ಷಿ ರುಜು ನಾನಂತೂ ಹಾಕಲ್ಲ."

"ಹಾಕಬೇಡ. ಹನ್ನೊಂದು ಮನೆ ಬದಲಾಯಿಸಿದೀನಿ, ಹನ್ನೊಂದು ಕರಾರಿಗೂ ಬಾಯಿ ಮುಚ್ಚಿಕೊಂಡು ರುಜು ಹಾಕಿದೀನಿ. ಹತ್ತು ಜನ ಮಾಲೀಕರು ಬಾಗಿಲು ತಳ್ಳಿಕೊಂಡೇ ಒಳಗೆ ಬಂದ್ರು. ಒಬ್ಬ ಅಜ್ಜಿ ಮಾತ್ರ ಕೆಳಗಿನ ಮೆಟ್ಟಿಲಲ್ಲೇ ನಿಂತು ಕೆಮ್ಮಿ, 'ಬರಲಾ ಮಗಳೇ?' ಅಂತ ಕೇಳ್ತಿದ್ರು. ನಾನು ಆಗೋದಾದ್ರೆ ಆ ಅಜ್ಜಿ ಥರ ಮಾಲೀಕಳಾಗ್ತೀನಿ. ನಿನ್ನ ಥರ ಅಲ್ಲ."

ದನಿ ಒಂದಿಷ್ಟೂ ಏರಿರಲಿಲ್ಲ. ತಮ್ಮ ತನ್ನ ಕಾಗದವನ್ನು ಜೇಬಿಗೆ ತುರುಕಿಕೊಂಡು ಎದ್ದು ಹೋದ.

ಟೈಪಿಂಗ್ ಮುಗಿಯುವ ಹೊತ್ತಿಗೆ ಡ್ರೈವರ್ ಹುಡುಗಿ ಡ್ಯೂಟಿಯ ಬಟ್ಟೆಯಲ್ಲೇ ಓಡುತ್ತ ಬಂದಳು. ಹಾಳೆಯನ್ನು ನಿಂತಲ್ಲೇ ಎರಡು ಸಲ ಓದಿದಳು. ಹಿಂದೆ ತಿರುಗಿಸಿಯೂ ನೋಡಿದಳು.

"ಅಮ್ಮ, ನಾನು ಏನು ಮಾಡಬಾರದು ಅಂತ ಎಲ್ಲೂ ಇಲ್ವಲ್ಲ?"

"ಬಾಡಿಗೆ ಕೊಡು, ಮನೆ ಚೊಕ್ಕಟವಾಗಿ ಇಟ್ಕೋ. ಅದನ್ನೂ ಬರೀಬೇಕಾ?" ಲೈಬ್ರರಿಯಮ್ಮ ಯೋಚಿಸಿದರು. "ಇರು, ಒಂದು ಸೇರಿಸೋಣ. ಹದಿಮೂರನೆಯದು. ಬಾಡಿಗೆದಾರರ ಬಳಿ ಗೇಟಿನ ಒಂದು ಕೀ ಇರತಕ್ಕದ್ದು. ಅವರು ನಸುಕಿನಲ್ಲಿ ಕೆಲಸಕ್ಕೆ ಹೊರಡುವಾಗ, ಮಾಲೀಕರಿಗೆ ಎಚ್ಚರವಾದೀತೆಂದು ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯಬೇಕಾಗಿಲ್ಲ."

ಹುಡುಗಿ ರುಜು ಹಾಕುವಾಗ ಪೆನ್ನನ್ನು ಬಿಗಿಯಾಗಿ ಹಿಡಿದಿದ್ದಳು. ಸಾಕ್ಷಿಯ ಜಾಗ ಖಾಲಿ ಉಳಿಯಿತು. ಟೈಪಿಸ್ಟ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ನಾನು ಹಾಕ್ತೀನಮ್ಮ. ನಾನೂ ಬಾಡಿಗೆಮನೆಯವನೇ." ರುಜು ಹಾಕಿ ಹಿಂಜರಿಯುತ್ತ ಕೇಳಿದ, "ಇನ್ನೊಂದು ಪ್ರತಿ ಹೊಡ್ಕೊಳ್ಳಲಾ? ನಮ್ಮ ಮಾಲೀಕರಿಗೆ ತೋರಿಸ್ಬೇಕು."

"ಎರಡು ಹೊಡಿ," ಎಂದರು ಲೈಬ್ರರಿಯಮ್ಮ. "ಒಂದು ನನ್ನ ತಮ್ಮನಿಗೆ."