ತಲೆಕೆಳಗಾಗಿ ಓದುವವನು

ಚಿಕ್ಕದೇ ಸಾಕೇನೋ, ಸಾಕು ಎಂದುಕೊಂಡ ಮರುಗಳಿಗೆಯೇ ಸಾಕಾಗುವುದು ಯಾರಿಗೆ ಎಂಬ ಪ್ರಶ್ನೆ ಎದ್ದು, ಅವನು ಕೈಯಲ್ಲಿದ್ದ ಫೋನನ್ನು ಗಾಜಿನ ಮೇಲಿಟ್ಟು ಪಕ್ಕದ ದೊಡ್ಡದನ್ನು ಎತ್ತಿಕೊಂಡ, ಇದು ಮೂರನೆಯ ಸಲವೋ ನಾಲ್ಕನೆಯದೋ, ಅಂಗಡಿಯಾಕೆ ಕನ್ನಡಕವನ್ನು ನೆತ್ತಿಗೇರಿಸಿ ನಿಂತೇ ಇದ್ದಾಳೆ, ನೋಡಿ ಸರ್, ಚಿಕ್ಕದು ಅಂಗೈಲಿ ಕೂರುತ್ತೆ, ಎಲ್ಲರೂ ಒಯ್ಯೋದು ಅದನ್ನೇ, ದೊಡ್ಡದಕ್ಕೆ ಪೆನ್ನು ಬರುತ್ತೆ, ಗಾಜಿನ ಮೇಲೆ ಬರೀತಾ ಹೋದ್ರೆ ಆಯ್ತು, ಯಾರಿಗೆ ಸರ್ ಇದು, ನಿಮಗಾ ಮೇಡಮ್ಮಿಗಾ. ಮೇಡಮ್ಮಿಗೆ. ಮೇಡಂ ಎಂದರೆ ಬಾಗಿಲ ಹತ್ತಿರದ ಮರದ ಬೆಂಚಿನಲ್ಲಿ ಕೂತವಳು, ಕತ್ತಿಗೆ ತೆಳುವಾದ ಹತ್ತಿಬಟ್ಟೆ ಸುತ್ತಿಕೊಂಡವಳು, ಅವನ ಹೆಂಡತಿ, ಎಂಟು ತಿಂಗಳಿಂದ ಮಾತಿಲ್ಲದವಳು — ಮಾತಿಲ್ಲದವಳು ಎನ್ನುವುದು ತಪ್ಪು, ದನಿಯಿಲ್ಲದವಳು, ಮಾತಿಗೇನು, ಬೇಕಾದಷ್ಟಿದೆ, ಹಾಲಿನ ಚೀಟಿಯ ಬೆನ್ನಿನಲ್ಲಿದೆ, ಮಾತ್ರೆ ಪೊಟ್ಟಣದ ಒಳಮೈಯಲ್ಲಿದೆ, ಪ್ರೆಸ್ಸಿನಲ್ಲಿ ಕಾಗದ ಕತ್ತರಿಸಿದಾಗ ಉಳಿಯುವ ಉದ್ದುದ್ದ ಪಟ್ಟಿಗಳನ್ನು ಅವನು ಕಟ್ಟು ಕಟ್ಟಿ ತಂದುಕೊಡುತ್ತಾನಲ್ಲ, ಅವುಗಳ ಮೇಲಿದೆ, ಅಡಿಗೆಮನೆಯ ಡಬ್ಬಿಗಳ ನಡುವೆ, ದಿಂಬಿನ ಕೆಳಗೆ, ಎಲ್ಲಿ ಕೈಯಿಟ್ಟರೂ ಒಂದು ವಾಕ್ಯ ಸಿಗುತ್ತದೆ. ಮೊದಲಾದರೆ ರೀ ಎನ್ನುತ್ತಿದ್ದಳು, ಇಪ್ಪತ್ತಾರು ವರ್ಷದ ರೀ, ಕೋಪಕ್ಕೊಂದು, ಕಾಫಿಗೊಂದು, ಈಗ ಉಂಗುರದಿಂದ ಮೇಜಿಗೆ ಎರಡು ಸಲ ತಟ್ಟುತ್ತಾಳೆ, ಟಕ್ ಟಕ್, ಅದರಲ್ಲಿ ಯಾವ ರೀ ಎಂದು ಗೊತ್ತಾಗುವುದಿಲ್ಲ.

ಫೋನು ತೆಗೆಸಬೇಕು ಎಂದು ಹಟ ಹಿಡಿದವಳು ನಾದಿನಿ. ಭಾವ, ನೀವು ಯಾವ ಕಾಲದಲ್ಲಿದ್ದೀರಿ, ಅಕ್ಕ ಇನ್ನೂ ಪರೀಕ್ಷೆ ಹಾಲಲ್ಲಿ ಕೂತಂಗೆ ಬರೀತಾ ಕೂತಿರಬೇಕಾ, ಪೆನ್ನಿರೋದನ್ನೇ ತಗೊಳ್ಳಿ, ಅವಳ ಅಕ್ಷರ ಎಷ್ಟು ಚಂದ, ಟೈಪ್ ಮಾಡು ಅಂದ್ರೆ ಅವಳು ಒಂದು ಒತ್ತಕ್ಷರ ಹುಡುಕೋ ಹೊತ್ತಿಗೆ ನಿಮಗೆ ನಿದ್ದೆ ಬಂದಿರುತ್ತೆ, ಅದೂ ಅಲ್ದೆ ನೀವು ಬೇರೆ ಅರ್ಧ ಓದೋ ಭಾವ. ಹೌದು, ಆ ಮನೆಯಲ್ಲಿ ಅವನಿಗೆ ಈಗ ಅದೇ ಹೆಸರು, ಷಡ್ಡಕನೂ ಅಂದು ನಗುತ್ತಾನೆ, ಹೆಂಡತಿಯೂ ನಗುತ್ತಾಳೆ, ಅವಳ ನಗು ಈಗ ಬರೀ ಭುಜದಲ್ಲಿ, ಸದ್ದಿಲ್ಲದ ಭುಜಗಳ ಕುಲುಕಾಟ, ಅವನೂ ನಗುತ್ತಾನೆ, ಏನು ಮಾಡೋದು, ಪ್ರೆಸ್ಸಿನ ಚಾಳಿ ಎನ್ನುತ್ತಾನೆ. ಚಾಳಿ ಸುಳ್ಳಲ್ಲ. ಇಪ್ಪತ್ತರ ವಯಸ್ಸಿಗೇ ಅಚ್ಚಿನ ಮೊಳೆ ಜೋಡಿಸಲು ನಿಂತವನು, ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಸಾಲಿಗೆ ಕೂರಿಸಿ ತಲೆಕೆಳಗಾಗಿಯೇ ಓದಬೇಕು, ತಪ್ಪು ಅಲ್ಲೇ ಸಿಕ್ಕಬೇಕು, ಕಾಗದಕ್ಕೆ ಬಂದಮೇಲೆ ಸಿಕ್ಕರೆ ಯಜಮಾನರು ಮೊಳೆಗಿಂತ ಗಟ್ಟಿಯಾದ ಮಾತು ಆಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಮೊಳೆಗಳನ್ನು ಗೋಣಿಚೀಲದಲ್ಲಿ ತುಂಬಿ ತೂಕಕ್ಕೆ ಹಾಕಿದರು, ಅವನು ಕರಡು ತಿದ್ದಲು ಕೂತ, ಆದರೆ ಕಣ್ಣು ಕಲಿತದ್ದನ್ನು ಮರೆಯಲಿಲ್ಲ, ಮೇಜಿನ ಆಚೆ ಕೂತು ಯಾರು ಏನು ಬರೆದರೂ ಈಚೆಯಿಂದ ನೀರಿನಂತೆ ಓದಿಬಿಡುತ್ತಾನೆ. ಅವಳು ಚೀಟಿ ತಿರುಗಿಸಿ ಕೊಡುವವರೆಗೆ ಕಾಯುವುದಿಲ್ಲ. ಅವಳು ಉಪ್ಪು ಎಂದು ಬರೆಯುತ್ತಿದ್ದ ಹಾಗೇ ಡಬ್ಬಿ ಸರಿಸಿರುತ್ತಾನೆ, ಬರೆಯಹೊರಟದ್ದು ಉಪ್ಪು ಜಾಸ್ತಿ ಎಂದಿದ್ದಿರಬಹುದು, ಆಗ ಪೆನ್ನು ಕೆಳಗಿಟ್ಟು ಅವನನ್ನು ನೋಡುತ್ತಾಳೆ, ಊಟ ಹಾಗೇ ಮುಗಿಯುತ್ತದೆ.

ಅದಕ್ಕೇ ಚಿಕ್ಕದು. ಚಿಕ್ಕದಾದರೆ ಎದೆಯ ಹತ್ತಿರ ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತಾಳೆ, ಪರದೆ ಅವಳ ಕಡೆಗೇ ಇರುತ್ತದೆ, ಮುಗಿಯುವತನಕ ಇವನಿಗೆ ಒಂದಕ್ಷರ ಕಾಣದು, ಮುಗಿದಮೇಲೆ ಗುಂಡಿ ಒತ್ತಿದರೆ ಅದೇ ಓದಿ ಹೇಳುತ್ತದಂತೆ, ಅಂಗಡಿಯಾಕೆ ಒತ್ತಿ ತೋರಿಸಿದಳು, ನಮಸ್ಕಾರ ಹೇಗಿದ್ದೀರಿ ಎಂದಿತು ಯಾವುದೋ ಹೆಣ್ಣುದನಿ, ಬಸ್ಸು ಹೊರಟಿದೆ ಎನ್ನುವ ಹಾಗೆ, ಬೆಂಚಿನಿಂದ ಹೆಂಡತಿ ತಲೆಯೆತ್ತಿ ಯಾರು ಅದು ಎಂಬಂತೆ ನೋಡಿದಳು. ಆ ದನಿಯಲ್ಲಿ ಅವಳು ನಾಳೆ ಅವನನ್ನು ಬೈಯಬೇಕು. ಬೈದರೂ ಬಸ್ಸು ಹೊರಟಿದೆ. ಆದರೂ ಚಿಕ್ಕದು ವಾಸಿ, ಎಲ್ಲವೂ ಪೂರ್ತಿಯಾಗಿ, ಒಂದೇ ಸಲ, ಕಿವಿಗೆ ಬೀಳುತ್ತದೆ, ಓದಿದೆ ಓದಲಿಲ್ಲ ಎಂಬ ತಕರಾರಿಲ್ಲ. ದೊಡ್ಡದನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಬರೆಯುತ್ತಾಳೆ, ಇವನು ಎದುರಿಗೆ ಕೂತಿರುತ್ತಾನೆ, ಅಕ್ಷರ ಅಕ್ಷರವಾಗಿ ಅವಳ ಮನಸ್ಸು ತಲೆಕೆಳಗಾಗಿ ಇವನೆದುರು ಬಿಚ್ಚಿಕೊಳ್ಳುತ್ತ ಹೋಗುತ್ತದೆ, ದಿನವೂ, ಮತ್ತೆ — ನೆನೆಸಿಕೊಂಡರೇ ಆಯಾಸವಾಗುತ್ತದೆ, ಇಲ್ಲೊಂದು ಸ್ಟೂಲ್ ಇದ್ದಿದ್ದರೆ. ಸರ್, ಕೂತ್ಕೊಳ್ಳಿ ಬೇಕಾದ್ರೆ. ಬೇಡಮ್ಮ. ಮೇಡಮ್ಮನ್ನೇ ಕರೀರಿ ಸರ್, ಬರೆಯೋ ಕೈ ಅವರದಲ್ವಾ, ನೀವು ಎಷ್ಟು ತೂಗಿ ನೋಡಿದ್ರೂ ಏನು ಬಂತು. ನಿಜವೇ, ಕೈ ಅವಳದು, ಆದರೆ ಅವಳನ್ನು ಕೇಳಿದರೆ ಮನೆಯಿಂದ ಹೊರಡುವಾಗ ಬರೆದದ್ದನ್ನೇ ಬರೆಯುತ್ತಾಳೆ, ನಿಮಗೆ ಯಾವುದು ಅನುಕೂಲವೋ ಅದು.

ಆ ದಿನವೂ ಅವಳು ಇವನ ಅನುಕೂಲವನ್ನೇ ನೋಡಿದ್ದಳು. ಮೊದಲ ಆಪರೇಷನ್ ಆಗಿತ್ತು, ಆರು ವಾರ ಗಂಟಲಿಗೆ ವಿಶ್ರಾಂತಿ, ಪಿಸುಗುಟ್ಟಲೂ ಕೂಡದು ಎಂದಿದ್ದರು ಡಾಕ್ಟರು, ದನಿ ಬಂದೇಬರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ, ಚೀಟಿ ಆಗ ಆಟದ ಹಾಗಿತ್ತು. ಮಾರನೆಯ ದಿನ ರಿಪೋರ್ಟ್ ತರಬೇಕು. ಮಧ್ಯಾಹ್ನದ ಊಟವಾಗಿತ್ತು, ಮೇಜು ಒರೆಸಿದ ತೇವ ಇನ್ನೂ ಆರಿರಲಿಲ್ಲ, ಅವಳು ಚೀಟಿ ಎಳೆದುಕೊಂಡು ಬರೆಯತೊಡಗಿದಳು, ನಾಳೆ ಒಬ್ಬಳೇ ಹೋಗೋಕೆ, ಅಷ್ಟು ಬರೆದು ಒಂದು ಗಳಿಗೆ ನಿಲ್ಲಿಸಿ, ಮುಂದಿನ ಪದವನ್ನೂ ಬರೆದು, ಮತ್ತೇನೋ ಸೇರಿಸಲು ಅಂಗೈ ಸರಿಸುತ್ತಿದ್ದಳು, ಅಂಗೈಯ ಅಂಚು ಆ ಪದವನ್ನು ಮುಚ್ಚಿತು, ಅಷ್ಟರಲ್ಲಿ ಇವನು ಎದ್ದು ನಿಂತು ಒಬ್ಬಳೇ ಹೋಗ್ತೀಯಾ, ಸರಿ, ಹೋಗಿ ಬಾ, ಹೇಗೂ ನಾಳೆ ಪ್ರೆಸ್ಸಲ್ಲಿ ಕ್ಯಾಲೆಂಡರ್ ಕೆಲಸ, ಬಿಟ್ಟು ಬರೋಕಾಗಲ್ಲ, ಬೇಕಾದ್ರೆ ನಿನ್ನ ತಂಗೀನ ಕರ್ಕೊ ಎಂದುಬಿಟ್ಟ, ಒಂದೇ ಉಸಿರಿಗೆ. ಅವಳ ಕೈ ಹಾಗೇ ನಿಂತಿತು. ಚೀಟಿಯನ್ನು ಮಡಚಿದಳು, ಮತ್ತೆ ಮಡಚಿದಳು, ತಲೆಯಾಡಿಸಿದಳು. ಮಾರನೆಯ ದಿನ ತಂಗಿಗೆ ರಜೆ ಸಿಗಲಿಲ್ಲ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ದನಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳುವಾಗ ಅವಳ ಪಕ್ಕದ ಕುರ್ಚಿ ಖಾಲಿ ಇತ್ತು, ಪ್ರಶ್ನೆ ಕೇಳಲು ಚೀಟಿ ತೆಗೆಯುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಿದ್ದರಂತೆ. ಆ ಹೊತ್ತಿಗೆ ಇವನು ಪ್ರೆಸ್ಸಿನಲ್ಲಿ ಸುಮ್ಮನೆ ನಿಂತಿದ್ದ. ಕ್ಯಾಲೆಂಡರ್ ಹಾಳೆಗಳು ಹಿಂದಿನ ವಾರವೇ ಮುಗಿದು ಹೋಗಿದ್ದವು. ಕತ್ತರಿಸುವ ಯಂತ್ರದ ಪಕ್ಕ ನಿಂತು ಆಸ್ಪತ್ರೆಯ ಉದ್ದನೆಯ ಹಜಾರವನ್ನು, ಆ ಫಿನಾಯಿಲಿನ ವಾಸನೆಯನ್ನು, ಹೆಸರು ಕೂಗುವುದನ್ನು ಕಾಯುತ್ತ ಕೂತವರ ಮುಖಗಳನ್ನು ಇವತ್ತೊಂದು ದಿನ ನೋಡಬೇಕಾಗಿಲ್ಲವಲ್ಲ ಎಂದು ಟೀ ಕುಡಿದ. ಅರ್ಧವೇ ಓದಿ ಎದ್ದುಹೋದರು ನೋಡು ಎಂದು ಅವಳು ತಂಗಿಗೆ ಬರೆದು ತೋರಿಸಿದ್ದು ಆಮೇಲೆ, ಎಷ್ಟೋ ದಿನದ ಮೇಲೆ, ನಗುತ್ತ. ಕ್ಷಮಿಸಿದ್ದಳು. ಕ್ಷಮೆಯಷ್ಟೇ ಅಲ್ಲ, ಚಿಂತೆಯನ್ನೂ ಮಾಡಿದಳು, ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ, ನಿಮಗೆ ಸಾಲಿನ ಕೊನೆ ಕಾಣ್ತಿಲ್ಲವೇನೋ, ಬನ್ನಿ ಎಂದು ಬರೆದು ಕರೆದುಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ಕೂರಿಸಿದಳು, ಗಾಜು ಬದಲಾಯಿಸುತ್ತ ಕೋಲಿನಿಂದ ಒಂದೊಂದೇ ಸಾಲು ತೋರಿಸಿದಳು, ಇವನು ಕಟ್ಟಕಡೆಯ ಸಣ್ಣ ಸಾಲಿನತನಕ ತಡವರಿಸದೆ ಓದಿದ, ನಂಬರು ಬದಲಾಗಿಲ್ಲ ಎಂದು ಬರೆದುಕೊಟ್ಟಳು, ಅವಳ ಮುಖದಲ್ಲಿ ಸಮಾಧಾನ, ಇವನಿಗೆ ಆ ಕುರ್ಚಿಯಿಂದ ಏಳಲಾಗಲಿಲ್ಲ.

ಈಗ ಬೆಂಚಿನಿಂದ ಅವಳೇ ಎದ್ದು ಬಂದಳು. ಚಿಕ್ಕದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಇಟ್ಟಳು, ದೊಡ್ಡದರ ಮೂಲೆಯಿಂದ ಪೆನ್ನನ್ನು ಎಳೆದು ಬರೆಯತೊಡಗಿದಳು, ನಿಮ್ಮದು ಅಕ್ಷರ ಅಂದ್ರೆ ಅಕ್ಷರ ಮೇಡಂ ಎನ್ನುತ್ತಿದ್ದಾಳೆ ಅಂಗಡಿಯಾಕೆ, ನಾನು ಬರೆದ್ರೆ ನನಗೇ ಅರ್ಥ ಆಗಲ್ಲ, ನಮ್ಮ ಯಜಮಾನ್ರು ಅದನ್ನ ಔಷಧದ ಅಂಗಡಿಗೆ ತೋರಿಸೋಣ ಅಂತಾರೆ. ಅವಳ ಭುಜಗಳು ಕುಲುಕಿದವು. ಇವನು ನೋಡಬಾರದೆಂದು ಬೀದಿಯ ಕಡೆ ತಿರುಗಿದ, ಬೀದಿಯಲ್ಲಿ ಒಬ್ಬ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ, ಹೊಡೆದು ಹೊಡೆದು ಸೊಂಟಕ್ಕೆ ಕೈಕೊಟ್ಟು ನಿಂತು ಮತ್ತೆ ಹೊಡೆಯುತ್ತಿದ್ದ, ಬೆನ್ನ ಹಿಂದೆ ಗಾಜಿನ ಮೇಲೆ ಪೆನ್ನಿನ ಸಣ್ಣ ಸದ್ದು, ಎಷ್ಟು ಹೊತ್ತು ಬರೆಯುತ್ತಾಳೆ, ಈ ಸಲ ಪೂರ್ತಿ ಬರೆಯಲಿ, ಪುಟಗಟ್ಟಲೆ ಬರೆಯಲಿ, ಅದನ್ನೂ ಬರೆಯಲಿ. ಟಕ್ ಟಕ್. ತಿರುಗಿದ. ಅವಳು ಫೋನನ್ನು ಇವನ ಕಡೆಗೆ ತಿರುಗಿಸಿ ಹಿಡಿದಿದ್ದಳು. ಇದೇ ಇರಲಿ ರೀ. ಇದರಲ್ಲಿ ದಪ್ಪಗೆ ಬರೆಯಬಹುದು. ನನ್ನ ಕೈ ಅಡ್ಡ ಬಂದರೂ ನಿಮಗೆ ಪೂರ್ತಿ ಕಾಣುತ್ತದೆ.

ಇದನ್ನೇ ಕೊಡಿ ಎಂದ. ಅಂಗಡಿಯಾಕೆ ಡಬ್ಬಿ ಹುಡುಕಲು ಒಳಗೆ ಹೋದಳು, ಹೆಂಡತಿ ಪೆನ್ನನ್ನು ಅದರ ಗೂಡಿಗೆ ತಳ್ಳುತ್ತಿದ್ದಾಳೆ, ತಳ್ಳಿ, ಹೊರತೆಗೆದು, ಮತ್ತೆ ತಳ್ಳುತ್ತಾಳೆ, ಹೊಸ ಬೀಗ ಸಿಕ್ಕವರ ಹಾಗೆ, ಇವನು ಅವಳ ಕೈಯನ್ನೇ ನೋಡುತ್ತಾನೆ, ಅಂಗೈಯ ಅಂಚು, ತೇವ ಆರದ ಮೇಜು, ಅಂಗೈಯ ಅಂಚು ಪದದ ಮೇಲೆ ಬರುವ ಮುಂಚಿನ ಆ ಒಂದು ಗಳಿಗೆ, ನೀಲಿ ಶಾಯಿ, ಅಂಗೈಯ ಅಂಚು, ಎರಡೇ ಅಕ್ಷರ. ಭಯ ಎಂದು ಬರೆದಿದ್ದಳು. ಅದನ್ನು ತಾನು ಓದಿಯೇ ಎದ್ದು ನಿಂತಿದ್ದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.