ಮೋರಿಯ ಮೇಲಿನ ಗುಂಡಿ

ಕೆಳಗಿನ ಊರಿಂದ ಮರಳಿ ಬಂದ ರೋಲರ್ ಸೋಪಿನ ವಾಸನೆ ಹೊಡೆಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ, ಎರವಲು ಹೋದ ಯಂತ್ರ ಹೋದದ್ದಕ್ಕಿಂತ ಚೊಕ್ಕಟವಾಗಿ ಬಂತಲ್ಲ ಎಂದು ಖುಷಿಪಡುತ್ತಿದ್ದರು. ಮೇಸ್ತ್ರಿ ಮಾತ್ರ ಮನೆಗೆ ಕಳ್ಳ ನುಗ್ಗಿ ಹೋದಮೇಲೆ ನೋಡುವವನ ಹಾಗೆ ಅದರ ಸುತ್ತ ಒಂದು ಸುತ್ತು ಬಂದ. ಉರುಳೆಗೆ ಅಂಟಿದ್ದ ಡಾಂಬರನ್ನೆಲ್ಲ ಕೆರೆದು ತೆಗೆದಿದ್ದರು. ನೀರಿನ ತೊಟ್ಟಿ ತುಂಬಿತ್ತು. ಸೀಟಿನ ಮೇಲೆ ಮಡಿಸಿಟ್ಟ ಗೋಣಿಚೀಲ, ಅದರ ಮೇಲೊಂದು ಹಳೆಯ ದಿಂಬು.

ದಿಂಬು ಯಾಕೆ ಎಂದು ಕೇಳಿದ್ದಕ್ಕೆ ಡಾಂಬರು ಕಾಯಿಸುವ ಹೊಗೆಯಣ್ಣ, "ನಿಮ್ಮ ಭಾವ ನಿದ್ದೆ ಹೊಡೆಯೋಕೆ ಇಟ್ಕೊಂಡಿರ್ತಾರೆ ಬಿಡಿ" ಅಂದ. ಮೇಸ್ತ್ರಿಗೆ ನಗು ಬರಲಿಲ್ಲ. ದಿಂಬನ್ನು ಹಿಸುಕಿ ನೋಡಿ ಸೀಟಿನ ಹಿಂದಕ್ಕೆಸೆದ.

ಎರಡೂ ಊರಿನ ಪುರಸಭೆಗಳು ಹೆದ್ದಾರಿಯ ಕೆಲಸವನ್ನು ಕೂಡಿ ಮಾಡಿಸಬೇಕೆಂದು ಆ ವರ್ಷ ಒಪ್ಪಂದ ಮಾಡಿಕೊಂಡಿದ್ದವು. ಎರಡು ಊರಿಗೂ ಒಂದೇ ರೋಲರ್, ಒಂದೇ ಡಾಂಬರು ಒಲೆ. ಈ ವಾರ ಈಚೆ, ಮುಂದಿನ ವಾರ ಆಚೆ. ಅಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ಒಪ್ಪಂದದ ಬಾಲದಲ್ಲಿ ಇನ್ನೊಂದು ಮಾತಿತ್ತು: ಮಳೆಗಾಲಕ್ಕೆ ಮುಂಚೆ ಎಂಜಿನಿಯರಮ್ಮ ಬಂದು ಎರಡೂ ಕಡೆಯ ರಸ್ತೆ ನೋಡುತ್ತಾರೆ, ಯಾರ ರಸ್ತೆ ಚೆನ್ನಾಗಿದೆಯೋ ಆ ಮೇಸ್ತ್ರಿ ಇಡೀ ಹೆದ್ದಾರಿಗೆ ಮೇಸ್ತ್ರಿಯಾಗಿ ಉಳಿಯುತ್ತಾನೆ, ಇನ್ನೊಬ್ಬನಿಗೆ ಉಗ್ರಾಣದಲ್ಲಿ ಕುರ್ಚಿ.

ಕುರ್ಚಿ ಎಂದರೆ ಮೇಸ್ತ್ರಿಗೆ ಮೈ ಉರಿಯುತ್ತಿತ್ತು. ಮದುವೆಮನೆಯಲ್ಲೂ ನಿಂತೇ ಉಣ್ಣುವ ಆಸಾಮಿ ಅವನು. ಬಿಸಿ ಡಾಂಬರಿನ ಮೇಲೆ ರೋಲರ್ ಹಾಯಿಸುವಾಗ ಸೀಟಿನ ಕೆಳಗಿಂದ ಮೇಲೇರುವ ಆ ಗಡಗಡ ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ ಎಂದು ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಅಂಥವನು ಗುದ್ದಲಿ, ಬಾಂಡಲಿ ಎಣಿಸುತ್ತಾ ನೊಣ ಹೊಡೆಯುತ್ತಾ ಕೂರುವುದೇ? ಅದೂ ಅಕ್ಕನ ಗಂಡನ ಕೈಕೆಳಗೆ? ಕೆಳಗಿನ ಊರಿನ ಮೇಸ್ತ್ರಿ ಬೇರಾರೂ ಅಲ್ಲ, ಅವನ ಸ್ವಂತ ಭಾವ.

ರೋಲರ್ ತೊಳೆದದ್ದರ ಗುಟ್ಟು ಏನೆಂದು ಅವನು ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ಬೆಳಿಗ್ಗೆ ಅದಕ್ಕಿಂತ ದೊಡ್ಡದು ಕಣ್ಣಿಗೆ ಬಿತ್ತು. ಅವನ ಪಾಲಿನ ರಸ್ತೆಯಲ್ಲಿ, ಬಸ್ ನಿಲ್ದಾಣದ ಮುಂದೆ, ಒಂದು ಗುಂಡಿಯ ಸುತ್ತ ಯಾರೋ ಸೀಮೆಸುಣ್ಣದಲ್ಲಿ ವೃತ್ತ ಬರೆದಿದ್ದರು. ಮುಂದೆ ಹಿಟ್ಟಿನ ಗಿರಣಿಯ ಹತ್ತಿರ ಇನ್ನೊಂದು. ಆಸ್ಪತ್ರೆಯ ತಿರುವಿನಲ್ಲಿ, ಅವನೇ ಇನ್ನೂ ನೋಡಿರದ ಒಂದು ಬಿರುಕಿಗೂ ವೃತ್ತ.

"ನಮ್ಮ ಹುಳುಕು ಹುಡುಕ್ತಿದಾರೆ" ಅಂದ ಮೇಸ್ತ್ರಿ. "ಎಂಜಿನಿಯರಮ್ಮ ಬಂದಾಗ ಕೈಹಿಡಿದು ತೋರಿಸೋಕೆ."

ಅಂದು ಸಂಜೆಯೊಳಗೆ ವೃತ್ತಗಳೆಲ್ಲ ಡಾಂಬರಿನಡಿ ಹೋದವು. ಮರುದಿನ ಬೇರೆ ಕಡೆ ಹೊಸ ವೃತ್ತಗಳು. ಗ್ಯಾಂಗಿನವರಿಗೆ ಬೀಡಿ ಸೇದಲೂ ಪುರುಸೊತ್ತಿಲ್ಲದಂತಾಯಿತು. ಹೊಗೆಯಣ್ಣನಂತೂ, ಈ ಸೀಮೆಸುಣ್ಣದವನು ನಮ್ಮ ಮೇಸ್ತ್ರಿಗಿಂತ ಕೆಟ್ಟ ಮೇಸ್ತ್ರಿ ಎಂದು ಗೊಣಗಿದ.

ಆ ನಡುವೆ ಅಕ್ಕ ಬಂದಳು. ಬಂದವಳು ಮಕ್ಕಳ ವಿಷಯ ಕೇಳಲಿಲ್ಲ, ತಮ್ಮನ ಹೆಂಡತಿಯ ಮಂಡಿನೋವು ವಿಚಾರಿಸಲಿಲ್ಲ. ರಸ್ತೆ ಎಲ್ಲಿಗೆ ಬಂತು, ಗಿರಣಿಯ ಹತ್ತಿರದ್ದು ಮುಚ್ಚಿದಿರಾ, ಆಸ್ಪತ್ರೆಯ ತಿರುವು ಸರಿಹೋಯಿತಾ ಎಂದು ಮಾತು ತಿರುಗಿಸಿ ತಿರುಗಿಸಿ ಅಲ್ಲಿಗೇ ತಂದಳು. ಭಾವ ಹೇಗಿದ್ದಾರೆ ಎಂದರೆ "ಇದಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಲೋಟ ತೊಳೆಯಲು ಎದ್ದಳು. ಒಡಹುಟ್ಟಿದವಳೇ ಬೇಹುಗಾರಿಕೆಗೆ ಇಳಿದಮೇಲೆ ಇನ್ನು ಯಾರನ್ನು ನಂಬುವುದು ಎಂದು ಮೇಸ್ತ್ರಿ ಗೋಡೆ ನೋಡುತ್ತಾ ಕೂತ.

ಕೊನೆಗೆ ಅವನು ಕಳ್ಳನನ್ನು ಕಣ್ಣಾರೆ ಕಂಡ. ಬೆಳಿಗ್ಗೆ ಬೇಗ ಎದ್ದು ಗಿರಣಿಯ ಬಾಗಿಲ ಮರೆಯಲ್ಲಿ ನಿಂತಿದ್ದಾಗ ಭಾವ ನಡೆದು ಬಂದ. ಜೇಬಿನಿಂದ ಸೀಮೆಸುಣ್ಣ ತೆಗೆದ. ಒಂದು ಕೈಯನ್ನು ತೊಡೆಗೆ ಊರಿ ನಿಧಾನಕ್ಕೆ ಬಗ್ಗಿ ವೃತ್ತ ಬರೆದ. ಬರೆದಮೇಲೆ ಏಳಲೇ ಇಲ್ಲ. ಎಷ್ಟೋ ಹೊತ್ತು ಹಾಗೇ ಬಗ್ಗಿ ಗುಂಡಿಯನ್ನೇ ನೋಡುತ್ತಿದ್ದ.

'ಆಳ ಅಂದಾಜು ಮಾಡ್ತಿದಾನೆ' ಅಂದುಕೊಂಡ ಮೇಸ್ತ್ರಿ. ಹೋಗಿ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಹಿಡಿದರೆ ಭಾವ ಹುಷಾರಾಗುತ್ತಾನೆ, ಆಮೇಲೆ ಬೇರೆ ದಾರಿ ಹುಡುಕುತ್ತಾನೆ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಾದ.

ಎಂಜಿನಿಯರಮ್ಮ ಬಂದ ದಿನ ಮೇಲಿನ ಊರಿನ ರಸ್ತೆ ಹಾಸಿದ ಚಾಪೆಯಂತಿತ್ತು. ಅವರು ಜೀಪಿನಿಂದ ಇಳಿದು ನಡೆದೇ ನೋಡಿದರು. ಜೊತೆಗೆ ಮೇಸ್ತ್ರಿ ಒಂದು ಕಡೆ, ಭಾವ ಇನ್ನೊಂದು ಕಡೆ. ಕೆಳಗಿನ ಊರಿನದೂ ಚೆನ್ನಾಗಿಯೇ ಇತ್ತು, ಅಲ್ಲಲ್ಲಿ ಒಂದೆರಡು ತೇಪೆ ಎದ್ದಿತ್ತು ಅಷ್ಟೆ. ಎರಡರಲ್ಲಿ ಯಾವುದು ಮೇಲು ಎಂದು ಹೇಳುವುದು ಕಷ್ಟ ಎನ್ನುತ್ತಾ ಅವರು ಎರಡೂ ಊರಿನ ಗಡಿಯ ಮೋರಿಗೆ ಬಂದು ನಿಂತರು.

ಮೋರಿಯ ಮೇಲೆ ರಸ್ತೆಯ ಅಡ್ಡಗಲಕ್ಕೂ ಒಂದು ಗುಂಡಿ. ಅದು ಅಲ್ಲಿರುವುದಕ್ಕೆ ಕಾರಣ ಎರಡೂ ಗ್ಯಾಂಗುಗಳ ಹಳೆಯ ರೂಢಿ. ಈಚೆಯವರು ಡಾಂಬರು ಹಾಕುತ್ತಾ ಬಂದು ಗಡಿಕಲ್ಲಿಗೆ ಒಂದು ಮಾರು ಇರುವಾಗಲೇ ನಿಲ್ಲಿಸುತ್ತಿದ್ದರು. ಆಚೆಯವರೂ ಅಷ್ಟೇ. ಇನ್ನೊಬ್ಬರ ರಸ್ತೆಗೆ ಕೈಹಾಕಿದರು ಅನ್ನಿಸಿಕೊಳ್ಳಬಾರದಲ್ಲ. ಹೀಗೆ ಉಳಿದ ಪಟ್ಟಿ ವರ್ಷ ವರ್ಷ ಕುಸಿದು ಗುಂಡಿಯಾಗಿತ್ತು. ಯಾರು ಕೇಳಿದರೂ ಈಚೆಯವರು ಆಚೆ ಕೈ ತೋರಿಸುತ್ತಿದ್ದರು, ಆಚೆಯವರು ಈಚೆ.

"ಇದು ಯಾರದು?" ಎಂದರು ಎಂಜಿನಿಯರಮ್ಮ.

"ನಮ್ಮದೇ ಮೇಡಂ" ಅಂದ ಭಾವ.

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ತನ್ನ ಗುಂಡಿ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ಅವನು ಈ ಜನ್ಮದಲ್ಲಿ ಕೇಳಿರಲಿಲ್ಲ. ಇದರಲ್ಲೇನೋ ಇದೆ. ಕೂಡುಕೆಲಸದ ಯಂತ್ರಗಳಿಗೆ ಶೆಡ್ಡು ಕಟ್ಟುವುದು ಮೋರಿಯ ಪಕ್ಕದಲ್ಲೇ ಎಂಬ ಮಾತು ಆಫೀಸಿನಲ್ಲಿ ಓಡಾಡುತ್ತಿತ್ತು. ಗುಂಡಿ ಅವರದಾದರೆ ಮೋರಿ ಅವರದು. ಮೋರಿ ಅವರದಾದರೆ ಶೆಡ್ಡು ಅವರದು, ಒಳಗಿರುವ ರೋಲರೂ ಅವರದು. ತೊಳೆದು ಒರೆಸಿ ಇಟ್ಟುಕೊಂಡಿದ್ದು ಸುಮ್ಮನೆಯೇ?

"ಇಲ್ಲ ಮೇಡಂ, ಇದು ನಮ್ಮ ಗುಂಡಿ" ಅಂದ.

ಭಾವ ಬೆಚ್ಚಿ ಅವನ ಕಡೆ ನೋಡಿದ. "ಏನಯ್ಯಾ, ತಲೆ ಕೆಟ್ಟಿದೆಯಾ? ಇದು ನಮ್ಮದು."

"ಯಾವತ್ತಿಂದ ಭಾವ? ಹೋದ ವರ್ಷ ಹಾಲಿನ ವ್ಯಾನು ಇಲ್ಲಿ ಸಿಕ್ಕಾಕ್ಕೊಂಡಾಗ ಎತ್ತಿದ್ದು ಯಾರು, ನಾವು ತಾನೇ? ಆಗ ನಿಮ್ಮದಾಗಿರಲಿಲ್ವಾ?"

"ಬಾಯಿ ಮುಚ್ಚೋ" ಎಂದು ಭಾವ ಹಲ್ಲಿನ ಸಂದಿಯಲ್ಲೇ ಹೇಳಿದ. ಹೊಗೆಯಣ್ಣ ಹಿಂದಿನಿಂದ ಮೇಸ್ತ್ರಿಯ ಅಂಗಿ ಜಗ್ಗಿದ. ಮೇಸ್ತ್ರಿಗೆ ಅಷ್ಟು ಹೊತ್ತಿಗೆ ಹುರುಪು ಬಂದುಬಿಟ್ಟಿತ್ತು. ಗಡಿಕಲ್ಲಿನಿಂದ ಹೆಜ್ಜೆ ಹಾಕಿ ಅಳೆದು ತೋರಿಸಿದ, ಗುಂಡಿಯ ಮುಕ್ಕಾಲು ಭಾಗ ತಮ್ಮ ಕಡೆಗೇ ಬರುತ್ತದೆಂದು ಸಾಧಿಸಿದ, ಬೇಕಾದರೆ ಇಡೀ ಊರನ್ನು ಸಾಕ್ಷಿಗೆ ಕರೆಸುತ್ತೇನೆ ಅಂದ.

"ಆಯ್ತು, ಗುಂಡಿ ನಿಮ್ಮದೇ" ಎಂದರು ಎಂಜಿನಿಯರಮ್ಮ. "ಅಂದ್ರೆ ಇಷ್ಟು ವರ್ಷ ಇದನ್ನ ಮುಚ್ಚದೆ ಬಿಟ್ಟವರೂ ನೀವೇ ಆದಿರಲ್ಲ."

ಗೆದ್ದ ನಗು ಮೇಸ್ತ್ರಿಯ ಮುಖದ ಮೇಲೆ ಇನ್ನೂ ಹಾಗೇ ಇತ್ತು. ಭಾವ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ.

ಭಾವ ಇಡೀ ಹೆದ್ದಾರಿಗೆ ಮೇಸ್ತ್ರಿಯಾದ. ಉಗ್ರಾಣದ ಬೀಗದ ಕೈ ಹೆಂಡತಿಯ ತಮ್ಮನಿಗೆ ಬಂತು. ಅದನ್ನು ಜೇಬಿಗೆ ಹಾಕಿಕೊಂಡು ಅವನು ನೇರ ಅಕ್ಕನ ಮನೆಗೆ ನಡೆದ, ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಡಬೇಕೆಂದು. ಗೆದ್ದವನ ಮನೆಯಲ್ಲಿ ಸಡಗರ ಇರಬೇಕಿತ್ತು. ಭಾವ ಬರೀ ನೆಲದ ಮೇಲೆ ಅಂಗಾತ ಮಲಗಿದ್ದ, ಅಕ್ಕ ಅವನ ಸೊಂಟದಡಿಗೆ ಬಿಸಿನೀರಿನ ಚೀಲ ತೂರಿಸುತ್ತಿದ್ದಳು.

"ಬಾ, ಮಹರಾಯ. ಗುಂಡಿ ಗೆದ್ದು ಬಂದೆಯಾ?" ಅಂದಳು.

ಹೇಳಬೇಕಾದ್ದನ್ನು ಅವಳೇ ಹೇಳಿದಳು. ಒಂದು ವರ್ಷದಿಂದ ಭಾವನಿಗೆ ರೋಲರ್ ಮೇಲೆ ಕೂತರೆ ಸೊಂಟ ಹಿಡಿದು ಏಳಲಾಗುತ್ತಿರಲಿಲ್ಲ. ಆಗುವುದಿಲ್ಲ ಎಂದು ಬಾಯಿಬಿಟ್ಟರೆ ಡಾಕ್ಟರ ಹತ್ತಿರ ಕಳಿಸುತ್ತಾರೆ, ಮೈ ಸರಿಯಿಲ್ಲ ಎಂದು ಬರೆದರೆ ಮನೆಗೆ ಕಳಿಸುತ್ತಾರೆ. ಮರ್ಯಾದೆಯಿಂದ ಕುರ್ಚಿ ಸಿಗಲು ಇದ್ದದ್ದು ಒಂದೇ ದಾರಿ, ತಮ್ಮನ ಎದುರು ಸೋಲುವುದು.

"ನನಗೆ ಒಂದು ಮಾತು ಹೇಳಬಾರದಿತ್ತಾ ಭಾವ?"

"ಹೇಳಿದ್ರೆ ನಂಬ್ತಿದ್ಯಾ? ಭಾವ ಸೋಲ್ತಾನಂತೆ ಅಂದ್ರೆ, ಇದರಲ್ಲೇನೋ ಇದೆ ಅಂತ ನೀನು ಕೈಕಟ್ಟಿ ಕೂರ್ತಿದ್ದೆ. ಸೀಮೆಸುಣ್ಣ ಹಚ್ಚಿದ್ರೆ ಸಿಟ್ಟಿಗಾದ್ರೂ ಮುಚ್ತೀಯಲ್ಲ ಅಂತ ಹಚ್ಚಿದೆ." ಭಾವ ಸೂರು ನೋಡುತ್ತಾ ಉಸಿರುಬಿಟ್ಟ. "ನಿನ್ನ ಮುಂದೆ ಸೋಲೋದು ಏನು ಸುಲಭದ ಕೆಲಸ ಅಂದ್ಕೊಂಡೆಯಾ?"

"ಮತ್ತೆ ರೋಲರ್ ತೊಳೆದಿದ್ದು?"

"ಅದು ಗಲೀಜಾಗಿತ್ತು ಕಣಯ್ಯಾ, ಅದಕ್ಕೆ."

ಮೇಸ್ತ್ರಿ ಆ ಉತ್ತರವನ್ನು ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಏನೂ ಸಿಗಲಿಲ್ಲ. ಅದೇ ಅವನಿಗೆ ಅನುಮಾನ.

ಒಪ್ಪಂದವನ್ನು ಅವನು ಹೊಗೆಯಣ್ಣನ ಮಗಳ ಹತ್ತಿರ ಮೊದಲಿಂದ ಕೊನೆಯವರೆಗೆ ಓದಿಸಿದ. ಯಂತ್ರಗಳನ್ನು ಕೆಲಸದ ಜಾಗಕ್ಕೆ ತಲುಪಿಸುವುದು ಉಗ್ರಾಣದವನ ಹೊಣೆ ಎಂದಿತ್ತು. ತಲುಪಿಸಿದಮೇಲೆ ಇಳಿಯಬೇಕು ಎಂದು ಎಲ್ಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎರಡೂ ಊರಿನ ಗ್ಯಾಂಗು ಮೋರಿಯ ಹತ್ತಿರ ಸೇರಿತು. ಜಲ್ಲಿ ತುಂಬಿ ಡಾಂಬರು ಸುರಿದಾಗಿತ್ತು. ಭಾವ ಕಟ್ಟೆಗೆ ಒರಗಿ ನಿಂತು ಆ ಹಳೆಯ ದಿಂಬನ್ನು ರೋಲರ್ ತಂದ ಮೇಸ್ತ್ರಿಯ ಕಡೆ ಚಾಚಿದ. ನಿನಗೂ ವಯಸ್ಸಾಗುತ್ತೆ, ಇಟ್ಟುಕೊ ಅಂದ.

ಮೇಸ್ತ್ರಿ ದಿಂಬನ್ನು ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊಲಿಗೆಗೆ ಬೆರಳು ಹಾಕಿ ನೋಡಿದ. ಆಮೇಲೆ ಸೀಟಿನ ಮೇಲೆ ಹಾಕಿಕೊಂಡು ಕೂತು, ಗಡಿಕಲ್ಲಿನ ಹತ್ತಿರ ನಿಲ್ಲಿಸದೆ, ರೋಲರನ್ನು ಆಚೆಯವರೆಗೂ ಓಡಿಸಿಕೊಂಡು ಹೋದ.