ಎತ್ತಲಿಂದ ಓದಿದರೂ

ಸ್ನೇಹ ಅಂದರೆ ಚನ್ನವೀರೇಶನದು. ಪಾರ್ಶ್ವವಾಯು ಹೊಡೆದ ಮೇಲೆ ರುದ್ರಮುನಿಯ ತೊದಲು ಮಾತು ಹೆಂಡತಿ ಜಗದಾಂಬಾಗೂ ತಿಳಿಯುತ್ತಿರಲಿಲ್ಲ, ಇವನೊಬ್ಬನಿಗೆ ತಿಳಿಯುತ್ತಿತ್ತು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು, ಈಗ ರಾಜಾಜಿನಗರದ ಒಂದೇ ಕಾಲೇಜಿನಲ್ಲಿ ಗಣಿತ ಹೇಳುವವರು. ರುದ್ರಮುನಿ ವಿಭಾಗದ ಮುಖ್ಯಸ್ಥ. ಅವನು ಕೆಲಸಕ್ಕೆ ಮರಳದಿದ್ದರೆ ಆ ಕುರ್ಚಿ ಚನ್ನವೀರೇಶನಿಗೆ. ಕಾಲೇಜಿನ ಗೋಡೆಗಳಿಗೂ ಗೊತ್ತಿದ್ದ ಈ ಸಂಗತಿ ರುದ್ರಮುನಿಗೆ ಮಾತ್ರ ಹೊಳೆದೇ ಇರಲಿಲ್ಲ.

ಮಾತು ತೊದಲಿದರೂ ಬೋರ್ಡಿನ ಮೇಲೆ ಬರೆದು ಕಲಿಸಲಿ, ಬುದ್ಧಿ ನೆಟ್ಟಗಿದೆ ಎಂದು ಸರ್ಟಿಫಿಕೇಟ್ ತಂದರೆ ಸೋಮವಾರದಿಂದ ಪಾಠ, ಇಲ್ಲವಾದರೆ ಮನೆ, ಎಂದಿತ್ತು ಆಡಳಿತ ಮಂಡಳಿ. ಬಸವೇಶ್ವರನಗರದ ಕ್ಲಿನಿಕ್ಕಿಗೆ ಅವನನ್ನು ಕರೆದುಕೊಂಡು ಹೋದವನು ಚನ್ನವೀರೇಶ. ಇನ್ಯಾರು ಹೋಗುತ್ತಾರೆ?

ಕೊನೆಯ ಪರೀಕ್ಷೆಯಲ್ಲಿ ಅಂಕಿಗಳನ್ನು ಕೇಳಿಸಿಕೊಂಡು ಹಿಂದಿನಿಂದ ಹೇಳಬೇಕಿತ್ತು.

"ನಮ್ಮ ಶೀಟಲ್ಲಿರೋದನ್ನೆಲ್ಲ ಹೋದ್ ಸಲಾನೇ ಕೇಳ್ಬಿಟ್ಟಿದೀವಿ ಸಾರ್," ಎನ್ನುತ್ತಾ ಪರೀಕ್ಷೆ ಮಾಡುವ ಮೇಡಂ ಚೀಟಿಯನ್ನು ಚನ್ನವೀರೇಶನತ್ತ ತಳ್ಳಿದರು. "ನೀವೇ ಒಂದು ಎಂಟಂಕಿ ನಂಬರ್ ಬರ್ಕೊಡಿ."

ಅವನು ಕ್ಷಣ ಯೋಚಿಸಿ ಬರೆದುಕೊಟ್ಟ: 27955972. ಎತ್ತಲಿಂದ ಓದಿದರೂ ಅದೇ. ಮೇಡಂ ಗಮನಿಸಿದರೆ ತಮಾಷೆಗೆ ಅಂದರಾಯಿತು.

ಮೇಡಂಗೆ ಹೊರಗೆ ಕಾಯುತ್ತಿದ್ದವರದೇ ಚಿಂತೆ. ಒಂದೊಂದೇ ಅಂಕಿ ಓದಿದರು. ರುದ್ರಮುನಿ ಕಣ್ಣು ಮುಚ್ಚಿ, ನಾಲಿಗೆ ಎಳೆದೆಳೆದು, ಒಂದೂ ತಪ್ಪದೆ ಹಿಂದಿನಿಂದ ಹೇಳಿದ. ಚೀಟಿಯ ಮೇಲೆ ಎಡದಿಂದ ಬಲಕ್ಕೆ ಬೆರಳಿಡುತ್ತಾ ಹೋದ ಮೇಡಂಗೆ, ತಾನು ಓದಿದ್ದನ್ನೇ ಪಾಪ ಮೊದಲಿನಿಂದ ಹಾಗೇ ಒಪ್ಪಿಸುತ್ತಿದ್ದಾರೆ ಅನ್ನಿಸಿತು. ಇಂಟು ಗುರುತು ಹಾಕಿದರು. ರುದ್ರಮುನಿ ಹಿಗ್ಗಿ ಮೇಜು ಕುಟ್ಟುತ್ತಾ ಏನೇನೋ ಹೇಳಿದ. ಅದರಲ್ಲಿ ಹನ್ನೊಂದು ಅನ್ನುವುದಷ್ಟೇ ಅವರಿಗೆ ತಿಳಿಯಿತು.

ಅವನು ಹೊರಗೆ ಚಪ್ಪಲಿಗೆ ತಡಕಾಡುತ್ತಿದ್ದಾಗ ಮೇಡಂ ಮೆಲ್ಲಗೆ ಕೇಳಿದರು, "ಅದೇನ್ ಸಾರ್, ಹನ್ನೊಂದು?"

ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಎಂಟಂಕಿಯ ಸಂಖ್ಯೆ ಯಾವುದೇ ಇರಲಿ, ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗಿಯೇ ತೀರುತ್ತದೆ. ವರ್ಷವರ್ಷವೂ ಹುಡುಗರಿಗೆ ಇದನ್ನು ಹೇಳಿಕೊಟ್ಟ ಚನ್ನವೀರೇಶ ನಿಟ್ಟುಸಿರುಬಿಟ್ಟ.

"ಮನೇಲೂ ಹಿಂಗೇ ಮೇಡಂ. ಏನ್ ಕೇಳಿದ್ರೂ ಹನ್ನೊಂದು."

ಮೇಡಂ ಅದನ್ನೂ ಬರೆದುಕೊಂಡು, ರಿಪೋರ್ಟನ್ನು ನೇರವಾಗಿ ಕಾಲೇಜಿಗೇ ಕಳಿಸುವುದಾಗಿ ಹೇಳಿದರು.

ಕಾರು ನವರಂಗ್ ಸಿಗ್ನಲ್ಲಿನಲ್ಲಿ ನಿಂತಿತು. ಅಲ್ಲಿಯವರೆಗೆ ತೊಡೆಯ ಮೇಲೆ ಬೆರಳಾಡಿಸುತ್ತಿದ್ದ ರುದ್ರಮುನಿ ಗೆಳೆಯನ ಕೈ ಹಿಡಿದುಕೊಂಡ. ಅವನ ತೊದಲು ಚನ್ನವೀರೇಶನಿಗೆ ಅಕ್ಷರ ಅಕ್ಷರವೂ ತಿಳಿಯಿತು.

"ಹನ್ನೊಂದ್ರಿಂದ ಭಾಗಿಸ್ದೆ ಕಣೋ. 2541452. ಅದೂ ಎತ್ತಲಿಂದ ಓದಿದ್ರೂ ಅದೇ! ನಾನು ತಡವರಿಸ್ಬಾರ್ದು ಅಂತ್ಲೇ ಇಂಥದ್ದನ್ನ ಹುಡುಕಿ ಕೊಟ್ಟೆ, ಅಲ್ವಾ?" ಅವನ ಕಣ್ಣು ತುಂಬಿತ್ತು.

"ಹೂಂ ಕಣೋ, ಮತ್ತೆ?"

"ಸೋಮವಾರ ಫಸ್ಟ್ ಪೀರಿಯಡ್ಡು ಇದನ್ನೇ ಪಾಠ ಮಾಡ್ತೀನಿ."

ಪಾಠವೇನೋ ಒಳ್ಳೆಯದೇ, ಹುಡುಗರಿಗೂ ಹಿಡಿಸುತ್ತದೆ. ತಾನೇ ಮಾಡಿದರಾಯಿತು ಎಂದುಕೊಂಡ ಚನ್ನವೀರೇಶ, ಮೆಲ್ಲನೆ ಕೈ ಬಿಡಿಸಿಕೊಂಡು ಗೇರ್ ಹಾಕಿದ.